ಅತ್ತೆ ಟೊಮೆಟೊ ಆರಿಸಿದ ದಿನ

ನಗಬೇಡಿ. ನಮ್ಮತ್ತೆಗೆ ಅರವತ್ತೆರಡು ವರ್ಷ. ಈ ಅರವತ್ತೆರಡು ವರ್ಷದಲ್ಲಿ ಅವರು ಒಂದೇ ಒಂದು ಟೊಮೆಟೊವನ್ನೂ ಕೈಯಾರೆ ಆರಿಸಿ ಕೊಂಡವರಲ್ಲ. ಕೊಟ್ಟದ್ದು ತಂದಿದ್ದಾರೆ. ತಂದದ್ದು ಬೇಯಿಸಿದ್ದಾರೆ. ಅಷ್ಟೇ.

ನಾವು ಚರಂಡಿಯವರು. ಊರಿನ ಚರಂಡಿ ಬಳಿಯುವುದು ನಮ್ಮ ಕೆಲಸ. ಅತ್ತೆಯದು ನಲವತ್ತು ವರ್ಷ, ನನ್ನದು ಹನ್ನೊಂದು. ಸಲಿಕೆ ಇದೆ, ಬಕೆಟ್ ಇದೆ. ಸಲಿಕೆ ಹೋಗದ ಕಡೆ ಕೈ ಹೋಗುತ್ತದೆ. ಮೊಣಕೈವರೆಗೆ, ಕೆಲವು ಸಲ ಹೆಗಲವರೆಗೆ. ಕೆನ್ನೆ ಕಲ್ಲಿಗೆ ಒತ್ತಿಕೊಂಡಿರುತ್ತದೆ, ಬೆರಳು ಒಳಗೆ ಹುಡುಕುತ್ತಿರುತ್ತದೆ. ಮೊದಲು ಕೆಸರು ಬರುತ್ತದೆ. ಆಮೇಲೆ ಕೂದಲು. ಕೊನೆಗೆ ಪ್ಲಾಸ್ಟಿಕ್ಕು. ಅದು ಬಂತೆಂದರೆ ನೀರು ಗಳಗಳ ಇಳಿಯುತ್ತದೆ. ಮನೆಯವರು ಕಿಟಕಿಯಿಂದಲೇ "ಹೋಯ್ತಾ?" ಅನ್ನುತ್ತಾರೆ. ನಾವು "ಹೋಯ್ತು" ಅನ್ನುತ್ತೇವೆ. ಕಿಟಕಿ ಮುಚ್ಚಿಕೊಳ್ಳುತ್ತದೆ.

ಇನ್ನು ಮೂಲೆ ಅಂಗಡಿ. ಊರಿಗೆ ಇದ್ದದ್ದು ಅದೊಂದೇ. ನಾವು ಅದರ ಮೆಟ್ಟಿಲ ಕೆಳಗೆ ನಿಲ್ಲಬೇಕು. ಚೀಲದ ಬಾಯಿ ತೆರೆದು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ, ನೆಲದಲ್ಲಿ ಎಳೆದ ಗೆರೆಗೆ ಸರಿಯಬೇಕು. ಅಂಗಡಿಯವನು ಮೇಲಿಂದ ಹಾಕುತ್ತಾನೆ. ಉಳಿದವರೆಲ್ಲ ಒತ್ತಿ ನೋಡಿ, ಮೂಸಿ ನೋಡಿ, ಬೇಡವೆಂದು ಬಿಟ್ಟ ಟೊಮೆಟೊ ನಮ್ಮ ಪಾಲಿನದು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಬಾಯಿ ಜಾಸ್ತಿ. ಈಗಲೂ ಕಮ್ಮಿಯೇನಲ್ಲ ಬಿಡಿ. "ಅಣ್ಣಾ, ಇದು ಕೊಳೆತಿದೆ, ಬೇರೆ ಹಾಕಿ" ಅಂದುಬಿಟ್ಟೆ. ಅವನು ಚೀಲವನ್ನು ಕಾಲಿನಿಂದ ಒದ್ದ. ಒಂದು ತಿಂಗಳು ನಮ್ಮ ಮನೆಗೆ ಏನೂ ಕೊಡಲಿಲ್ಲ. ಉಪ್ಪು ಕೂಡ. ಅತ್ತೆ ನನ್ನನ್ನು ಬೈಯಲಿಲ್ಲ. ಆ ಒಂದು ತಿಂಗಳು ಎಂಟು ಮೈಲಿ ನಡೆದು ಪಕ್ಕದ ಊರಿಂದ ಉಪ್ಪು ತಂದರು.

ಹೀಗಿರುವಾಗ ಬಸ್ ನಿಲ್ದಾಣದ ಎದುರಿಗೆ ಹೊಸ ಅಂಗಡಿ ಬಂತು. ಗಾಜಿನ ಬಾಗಿಲು, ಒಳಗೆ ಹಗಲಲ್ಲೂ ಉರಿಯುವ ದೀಪ, ಹೊರಗೆ ಆಳೆತ್ತರದ ಬೋರ್ಡು. ಅತ್ತೆಗೆ ಓದು ಬಾರದು. ನನಗೆ ಬರುತ್ತದೆ.

"ಏನ್ ಬರ್ದಿದಾರೆ ಓದೇ."

"ನೀವೇ ಆರಿಸಿ, ನೀವೇ ತೆಗೆದುಕೊಳ್ಳಿ."

"ಇನ್ನೊಂದ್ ಸಲ ಓದು."

ಓದಿದೆ. ಅತ್ತೆ ಸಲಿಕೆಯನ್ನು ಗೋಡೆಗೆ ಒರಗಿಸಿ ರಸ್ತೆಯ ಮಧ್ಯೆ ನಿಂತೇಬಿಟ್ಟರು. "ನೀವೇ ಅಂದ್ರೆ ಯಾರೇ?"

"ಎಲ್ರೂ ಅತ್ತೆ. ಓದಿದೋರೆಲ್ಲ."

"ನೀನು ಓದ್ದೆ. ನಾನು ಕೇಳಿಸ್ಕೊಂಡೆ. ಆಯ್ತಲ್ಲ!"

ಅಂಗಡಿ ತೆರೆಯುವ ದಿನ ಬೆಳಿಗ್ಗೆಯೇ ನಮ್ಮನ್ನು ಕರೆಸಿದರು. ಒಳಗಲ್ಲ, ಹಿಂದುಗಡೆಗೆ. ಹಿಂದಿನ ಮೋರಿ ಕಟ್ಟಿಕೊಂಡು ನೀರು ಗೋದಾಮಿಗೆ ನುಗ್ಗುತ್ತಿತ್ತು. ಕಟ್ಟಡ ಕಟ್ಟಿದವರು ಉಳಿದ ಸಿಮೆಂಟನ್ನು ಅಲ್ಲೇ ಸುರಿದು ಹೋಗಿದ್ದರು. ಮ್ಯಾನೇಜರು ಮೂಗಿಗೆ ಕರವಸ್ತ್ರ ಹಿಡಿದು ದೂರದಲ್ಲಿ ನಿಂತಿದ್ದ. ಕುತ್ತಿಗೆಗೆ ಕೆಂಪು ಟೈ. ಅವನ ಹೆಸರು ನಮಗೆ ಗೊತ್ತಿಲ್ಲ, ಟೈ ಅಂತಲೇ ಕರೆಯೋಣ. "ಬೇಗ, ಬೇಗ, ಗಿರಾಕಿಗಳು ಬರೋ ಹೊತ್ತಾಯ್ತು" ಎಂದು ಕುಣಿಯುತ್ತಿದ್ದ. ನಾವು ಸಿಮೆಂಟಿನ ಗಟ್ಟಿಗಳನ್ನು ಉಗುರಿನಿಂದ ಎಬ್ಬಿಸಿ ತೆಗೆದೆವು. ನನ್ನ ಎರಡು ಉಗುರು ಹಾರಿಹೋದವು. ನೀರು ಇಳಿಯಿತು.

ಅತ್ತೆ ಮೋರಿಯೊಳಗಿಂದಲೇ ತಲೆ ಎತ್ತಿ ಕೇಳಿದರು. "ಸ್ವಾಮಿ, ಅಂಗಡಿಗೆ ಯಾರ್ ಬೇಕಾದ್ರೂ ಬರಬೋದಾ?"

ಟೈ ಫೋನಿನಲ್ಲಿದ್ದ. "ಹೂಂ ಹೂಂ, ಎಲ್ರೂ ಬರಬಹುದು" ಎಂದ. ನಮಗೆ ಅಂದನೋ, ಫೋನಿಗೆ ಅಂದನೋ, ದೇವರೇ ಬಲ್ಲ. ಅತ್ತೆಗೆ ಅಷ್ಟು ಸಾಕಾಗಿತ್ತು.

ಮನೆಗೆ ಬಂದು ಅತ್ತೆ ಮೂರು ಸಲ ಸೋಪು ಹಚ್ಚಿದರು. ಕೈಗೆ ಕಲ್ಲು ಹಾಕಿ ಉಜ್ಜಿದರು. ನನ್ನ ಕೈಯನ್ನೂ ಹಿಡಿದು ಉಜ್ಜಿದರು, ಉಗುರಿಲ್ಲದ ಬೆರಳನ್ನೂ ಬಿಡಲಿಲ್ಲ. "ಅಯ್ಯೋ ಉರಿಯುತ್ತೆ ಅತ್ತೆ!" "ಉರೀಲಿ ಬಿಡೇ, ಉರಿದ್ರೆ ಹೊಳೆಯುತ್ತೆ." ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದರು. ಮದುವೆ ಮನೆಗೆ ಮಾತ್ರ ಉಡುವ ಹಸಿರು ಬಟ್ಟೆ.

ನನ್ನ ಗಂಡ ಬಾಗಿಲಲ್ಲಿ ಕೂತಿದ್ದ. "ಯಾಕಮ್ಮಾ ಬೇಕು ಈ ಉಸಾಬರಿ? ಮರ್ಯಾದೆ ಕಳ್ಕೊಂಡು ಬರ್ತೀರಿ ನೋಡಿ."

"ಕಳ್ಕೊಳ್ಳೋಕೆ ನನ್ ಹತ್ರ ಎಲ್ಲಿದ್ಯೋ?" ಎಂದರು ಅತ್ತೆ. "ಒಂದಿಷ್ಟು ತರೋಣ ಅಂತಾನೇ ಹೋಗ್ತಿರೋದು."

ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಬಾಗಿಲ ಹತ್ತಿರ ಸಮವಸ್ತ್ರದ ಕಾವಲುಗಾರ. ಪರ ಊರಿನವನು, ನಮ್ಮ ಮುಖ ಪರಿಚಯವಿಲ್ಲ. ಗಾಜಿನ ಬಾಗಿಲು ಎಳೆದು ಹಿಡಿದು "ಬನ್ನಿ ಮೇಡಂ" ಎಂದ.

ಅತ್ತೆ ಹಿಂದೆ ತಿರುಗಿ ನೋಡಿದರು, ಮೇಡಂ ಯಾರು ಬಂದರೆಂದು. ಹಿಂದೆ ಯಾರೂ ಇರಲಿಲ್ಲ. ಒಳಗೆ ಹೋದರು. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಅತ್ತೆ ನನ್ನ ಮುಖ ನೋಡಿದರು, ಸರ್ರನೆ ತಿರುಗಿ ಹೊರಗೆ ಹೋದರು.

"ಯಾಕತ್ತೆ, ಏನಾಯ್ತು?"

"ಸುಮ್ನಿರೇ." ಮತ್ತೆ ಬಾಗಿಲಿಗೆ ಬಂದರು. ಕಾವಲುಗಾರ ಮತ್ತೆ ಎಳೆದು ಹಿಡಿದ. "ಬನ್ನಿ ಮೇಡಂ."

ಅತ್ತೆ ನನ್ನ ತೋಳು ಚಿವುಟಿದರು. "ಕೇಳಿಸ್ತಾ? ಎರಡು ಸಲ ಅಂದ!" ಮೂರನೆಯ ಸಲ ಹೊರಗೆ ಹೋಗಲು ಹೊರಟವರನ್ನು ನಾನೇ ರಟ್ಟೆ ಹಿಡಿದು ನಿಲ್ಲಿಸಿದೆ. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಒಳಗೆ ಉದ್ದಕ್ಕೂ ಸಾಲು ಸಾಲು ಕಪಾಟು. ಅತ್ತೆ ಸೋಪಿನ ಕಪಾಟಿನ ಮುಂದೆ ನಿಂತರು. ತಮ್ಮ ಚೀಲವನ್ನು ತೆಗೆದರು, ಬಾಯಿ ಅಗಲಿಸಿ ನೆಲದ ಮೇಲಿಟ್ಟರು, ಎರಡು ಹೆಜ್ಜೆ ಹಿಂದೆ ಸರಿದರು, ಕೈ ಕಟ್ಟಿ ನಿಂತರು.

"ಒಂದ್ ಸೋಪು ಹಾಕಿ ಸ್ವಾಮಿ" ಎಂದರು ಕಪಾಟಿಗೆ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ಗಂಭೀರವಾಗಿ ಕಾಯುತ್ತಲೇ ಇದ್ದರು. ಅವರ ಪಾದ ನೋಡಿದೆ. ಬೆರಳುಗಳು ಒಂದು ಗೆರೆಗೆ ಸರಿಯಾಗಿ ನಿಂತಿದ್ದವು. ಅಲ್ಲಿ ಗೆರೆಯೇ ಇರಲಿಲ್ಲ. ನನ್ನ ನಗು ನಿಂತು ಸಿಟ್ಟು ಬಂತು. ಮೂಲೆ ಅಂಗಡಿಯವನ ಮೇಲೆ ಬಂತು, ಊರಿನ ಮೇಲೆ ಬಂತು, ನಕ್ಕ ನನ್ನ ಮೇಲೂ ಬಂತು.

"ಅತ್ತೆ, ಇಲ್ಲಿ ಹಾಕೋರು ಯಾರೂ ಇಲ್ಲ. ನೀವೇ ತಗೋಬೇಕು."

"ನಾನೇ?"

"ನೀವೇ. ಬೋರ್ಡು ಓದಿದ್ನಲ್ಲ."

ಅತ್ತೆ ಒಂದು ಬೆರಳು ಚಾಚಿದರು. ಸೋಪಿಗೆ ತಾಗಿಸಿ ಸರಕ್ಕನೆ ಎಳೆದುಕೊಂಡರು. ಯಾರೂ ಕೂಗಲಿಲ್ಲ. ಎರಡು ಬೆರಳು ಇಟ್ಟರು. ಆಮೇಲೆ ಇಡೀ ಅಂಗೈ. ಸೋಪನ್ನು ಎತ್ತಿ ಮೂಸಿದರು, ಇಟ್ಟರು, ಇನ್ನೊಂದನ್ನು ಎತ್ತಿದರು. "ಅಯ್ಯಯ್ಯೋ ಇವ್ಳೇ! ನೋಡೇ ಇವ್ಳನ್ನ!" ಎಂದು ಕೂಗಿದರು.

"ಯಾರನ್ನ?"

"ಈ ನೀಲಿ ಪೊಟ್ಟಣ! ಡಾಕ್ಟ್ರ ಮನೆ ಮೋರೀಲಿ ಸಿಗ್ತಾಳಲ್ಲೇ! ಯಾವಾಗ್ಲೂ ಚಪ್ಪಟೆಯಾಗಿ, ಹರ್ಕೊಂಡು, ಕೂದಲು ಸುತ್ಕೊಂಡು ಬರ್ತಿದ್ಲು. ಹೊಟ್ಟೆ ತುಂಬಿದಾಗ ಹಿಂಗಿರ್ತಾಳಾ? ಏನ್ ದುಂಡಗಿದಾಳೆ!"

ನಿಜ ಹೇಳುತ್ತೇನೆ, ನನಗೂ ಹೊಳೆದದ್ದು ಆಗಲೇ. ಈ ಅಂಗಡಿಯಲ್ಲಿದ್ದ ಒಂದೊಂದು ಪೊಟ್ಟಣವೂ ನಮಗೆ ಗೊತ್ತಿತ್ತು. ಎಲ್ಲವನ್ನೂ ಖಾಲಿಯಾದ ಮೇಲೆ ಕಂಡಿದ್ದೆವು. ಊರು ತಿಂದು, ತೊಳೆದು, ಉಜ್ಜಿ ಬಿಸಾಡಿದ ಮೇಲೆ ನಮ್ಮ ಕೈಗೆ ಬಂದಿದ್ದವು. ಇವತ್ತು ಮೊದಲ ಸಲ ತುಂಬಿದ್ದನ್ನು ನೋಡುತ್ತಿದ್ದೆವು. ಆಮೇಲೆ ಅತ್ತೆಯನ್ನು ಹಿಡಿಯುವವರು ಯಾರು?

"ಇದು ಪೋಸ್ಟ್ ಮಾಸ್ತರ ಮನೇದು! ಈ ಬಿಸ್ಕತ್ತು ಕೆಮ್ಮು ಮೇಷ್ಟ್ರದು, ದಿನಾ ಒಂದು ಪೊಟ್ಟಣ, ಹೆಂಡ್ತಿಗೆ ಗೊತ್ತಾಗ್ದಂಗೆ ತಿಂದು ಕಿಟಕೀಂದ ಎಸೀತಾರೆ! ಈ ಬಟ್ಟೆ ಪುಡಿ ಬೇಡ ಕಣೇ, ಕಾಲು ಸುಟ್ಟುಹೋಗುತ್ತೆ, ಬ್ಯಾಂಕಿನವರ ಮನೆ ಮೋರಿ ಜ್ಞಾಪಕ ಇಲ್ವಾ? ಇದು ನೋಡು, ಇದು! ಚಿತ್ರದಲ್ಲಿ ಕೂದಲಿದೆ! ಮಹಡಿ ಮನೆಯಮ್ಮ ತಲೆಗೆ ಹಚ್ಕೊಳ್ಳೋ ಕಪ್ಪು! ತಿಂಗಳಿಗೆ ಎರಡು ಡಬ್ಬಿ! ನಾನು ಯಾವುದೋ ಶಾಯಿ ಅಂದ್ಕೊಂಡಿದ್ದೆ!"

ಬೇಕಾದರೆ ನನ್ನ ಬಾಯಿಗೆ ಹೊಡೆಯಿರಿ, ಮಹಡಿ ಮನೆಯಮ್ಮ ಪಕ್ಕದ ಸಾಲಿನಲ್ಲೇ ಇದ್ದರು. ಕಪ್ಪು ಮಿರಮಿರ ಮಿಂಚುವ ಕೂದಲು. ಕೈಯಲ್ಲಿ ಅದೇ ಡಬ್ಬಿ. ಅವರ ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಮಹಡಿ ಮನೆಯಮ್ಮ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. ಬಟ್ಟೆ ಗುರುತು ಸಿಗಲಿಲ್ಲ, ದನಿ ಗುರುತು ಸಿಕ್ಕಿತು. "ಛೀ! ಚರಂಡಿಯೋಳು! ಇವರನ್ನ ಯಾರ್ರೀ ಒಳಗೆ ಬಿಟ್ಟಿದ್ದು? ತಿನ್ನೋ ಸಾಮಾನು ಇಟ್ಟಿರೋ ಜಾಗ ಇದು!"

ಟೈ ಓಡಿಬಂದ. ಅತ್ತೆ ಅಷ್ಟರಲ್ಲಿ ತರಕಾರಿ ಕಡೆಗೆ ಹೋಗಿದ್ದರು. ಅಲ್ಲಿ ಟೊಮೆಟೊ ರಾಶಿ. ಕೆಂಪಗೆ, ಬಿಗಿಯಾಗಿ, ಒಂದೂ ಒಡೆದಿರಲಿಲ್ಲ. ಅತ್ತೆ ಒಂದನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದಿದ್ದರು. ಒತ್ತಿ ನೋಡುತ್ತಿದ್ದರು.

"ನೀವು... ಬೆಳಿಗ್ಗೆ... ಹಿಂದುಗಡೆ..." ಎಂದ ಟೈ.

"ಹೂಂ ಸ್ವಾಮಿ, ನಾವೇ" ಎಂದರು ಅತ್ತೆ ಸಂತೋಷದಿಂದ. "ನೀರು ಸಲೀಸಾಗಿ ಹೋಗ್ತಿದ್ಯಾ?"

"ಹೋಗ್ತಿದೆ, ಹೋಗ್ತಿದೆ. ನೋಡಮ್ಮಾ, ಗಲಾಟೆ ಬೇಡ. ನೀವು ಹಿಂದಿನ ಬಾಗಿಲ ಹತ್ರ ನಿಂತ್ಕೊಳ್ಳಿ. ಏನು ಬೇಕು ಹೇಳಿ, ನಮ್ಮೋರೇ ಕಟ್ಟಿ ತಂದುಕೊಡ್ತಾರೆ."

"ಹೊರಗೆ ಬೋರ್ಡಲ್ಲಿ ನೀವೇ ಆರಿಸಿ ಅಂತ ಬರ್ದಿದೀರಲ್ಲ?" ಎಂದೆ ನಾನು.

"ಅದು ಗಿರಾಕಿಗಳಿಗೆ."

"ನಾವು ದುಡ್ಡು ತಂದಿದೀವಿ. ಮತ್ತೆ ನಾವೇನು?"

ಅತ್ತೆ ಟೊಮೆಟೊವನ್ನು ರಾಶಿಯ ಮೇಲೆ ಇಡಲು ಹೋದರು. ಟೈ "ಏಯ್, ಇಡಬೇಡ!" ಎಂದು ಕಿರುಚಿದ. 'ಇಡಬೇಡಿ' ಅಲ್ಲ. ಬಹುವಚನ ಅಷ್ಟು ಹೊತ್ತಿಗೆ ಮುಗಿದಿತ್ತು. "ನೀನು ಮುಟ್ಟಿದ್ದನ್ನ ಮತ್ತೆ ಮಾರೋಕಾಗಲ್ಲ. ಅಲ್ಲಿ ಸೋಪುಗಳನ್ನೂ ಮುಟ್ಟಿದೀಯ. ಏನೇನು ಮುಟ್ಟಿದೀಯೋ ಎಲ್ಲಾ ತೆಗೆದು ಎಸೀಬೇಕು ಈಗ."

ಬಿಲ್ ಹಾಕುವಾಕೆಯನ್ನು ಕೂಗಿ ಕಸದ ಚೀಲ ತರಿಸಿದ. ಅತ್ತೆಯ ಕೈಗೆ ತನ್ನ ಕೈ ತಾಗದ ಹಾಗೆ ಚೀಲದ ಬಾಯಿ ಹಿಡಿದ. ಅತ್ತೆ ಟೊಮೆಟೊವನ್ನು ಅದರೊಳಗೆ ಹಾಕಬೇಕಂತೆ. ಆಮೇಲೆ ಚೀಲವನ್ನು ಬಿಲ್ ಹಾಕುವಾಕೆಗೆ ಕೊಟ್ಟು ಕಪಾಟಿನಿಂದ ಸೋಪು, ಬಿಸ್ಕತ್ತು, ನೀಲಿ ಪೊಟ್ಟಣ ಎಲ್ಲವನ್ನೂ ಕಾಗದದಲ್ಲಿ ಹಿಡಿದು ಎತ್ತಿ ಹಾಕಿಸಿದ. ಮಹಡಿ ಮನೆಯಮ್ಮ ಬೆರಳು ಮಾಡಿ ತೋರಿಸುತ್ತಿದ್ದರು, ಅದನ್ನೂ ಮುಟ್ಟಿದಾಳೆ, ಇದನ್ನೂ ಮುಟ್ಟಿದಾಳೆ. ಹಾರಿಹೋದ ಉಗುರಿನ ಜಾಗ ದಪದಪ ಅನ್ನುತ್ತಿತ್ತು. ಈ ಕೈಯಿಂದಲೇ ತಾನೇ ಬೆಳಿಗ್ಗೆ ನಿನ್ನ ಗೋದಾಮು ಉಳಿದದ್ದು, ನಾಯಿ ಮಗನೇ, ಎಂದು ಬಾಯಿಗೆ ಬಂದಿತ್ತು.

ಅತ್ತೆ ಮಾತ್ರ ಟೊಮೆಟೊ ಬಿಡಲಿಲ್ಲ. "ಎಲ್ಲಿ ಎಸೀತೀಯಪ್ಪಾ ಇದನ್ನೆಲ್ಲ?"

"ಹಿಂದುಗಡೆ."

"ಹಿಂದುಗಡೆ ಅಂದ್ರೆ ಮೋರೀಗೆ. ಆಮೇಲೆ ಮೋರಿ ಕಟ್ಕೊಳ್ಳುತ್ತೆ. ಆಮೇಲೆ ನಮ್ಮನೆಗೆ ಆಳು ಕಳಿಸ್ತೀಯ. ನಾನೇ ಬಂದು ಇದೇ ಸೋಪು, ಇದೇ ಟೊಮೆಟೊ ಕೈ ಹಾಕಿ ತೆಗೀಬೇಕು. ಅದಕ್ಕೆ ಈಗ್ಲೇ ತಗೊಂಡ್ರೆ ಆಗಲ್ವಾ?"

ಯಾರೋ ಕಿಸಕ್ಕನೆ ನಕ್ಕರು. ಟೈಯ ಮುಖ ಅವನ ಟೈಗಿಂತ ಕೆಂಪಾಯಿತು. "ನಿನ್ ಹತ್ರ ವಾದ ಮಾಡೋಕೆ ನನಗೆ ಹೊತ್ತಿಲ್ಲ. ನೀನು ಮುಟ್ಟಿದ್ದು ಮಾರೋ ಹಾಗಿಲ್ಲ. ಅಷ್ಟೇ."

"ಖಂಡಿತಾನಾ?"

"ಖಂಡಿತ."

"ಏನು ಮುಟ್ಟಿದ್ರೂ?"

"ಏನು ಮುಟ್ಟಿದ್ರೂ!"

ಅತ್ತೆ ಅಂಗಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದು ಸಲ ನೋಡಿದರು. ಮೋರಿಗೆ ಇಳಿಯುವ ಮೊದಲು ಹೀಗೇ ನೋಡುತ್ತಾರೆ, ಕೆಲಸ ಎಷ್ಟಿದೆ ಅಂತ. ಟೊಮೆಟೊವನ್ನು ರಾಶಿಯ ಮೇಲೆ ಇಟ್ಟರು. ತೋಳು ಮೇಲೇರಿಸಿದರು. ಬಟ್ಟೆ ಮೊಣಕಾಲಿಗೆ ಎತ್ತಿ ಕಟ್ಟಿದರು.

"ಸೊಸೆ, ಆ ಕಡೆ ಸಾಲು ನಿಂದು. ಈ ಕಡೇದು ನಂದು."

ಅಷ್ಟು ಹೇಳಿದ್ದೇ ತಡ, ಓಡಿದರು. ಅರವತ್ತೆರಡು ವರ್ಷದ ಹೆಂಗಸು ಓಡಿದರು ಸ್ವಾಮಿ! ಎರಡೂ ಕೈ ಅಗಲಿಸಿಕೊಂಡು, ಕಪಾಟಿಗೆ ಬೆರಳು ಉಜ್ಜುತ್ತಾ. ಅಕ್ಕಿ ಚೀಲ ಮುಟ್ಟಿದರು. ಎಣ್ಣೆ ಡಬ್ಬ ಮುಟ್ಟಿದರು. ಸಕ್ಕರೆ, ಬೇಳೆ, ಹಾಲಿನ ಪುಡಿ. "ಮುಟ್ಟಿದೆ! ಇದ್ನೂ ಮುಟ್ಟಿದೆ! ಇದ್ನ ಎರಡು ಸಲ ಮುಟ್ಟಿದೆ!" ನಾನು ನನ್ನ ಸಾಲು ಹಿಡಿದೆ. ಉಪ್ಪಿನ ಪೊಟ್ಟಣ ಬಂದಾಗ ಅಲ್ಲೇ ನಿಂತು, ಇದ್ದ ಮೂವತ್ತನ್ನೂ ಒಂದೊಂದಾಗಿ ತಟ್ಟಿದೆ. ಮೇಲಿನ ಕಪಾಟಿಗೆ ಎಗರಿ ಮುಟ್ಟಿದೆ, ಕೆಳಗಿನದಕ್ಕೆ ಕೂತು ಮುಟ್ಟಿದೆ. ತಣ್ಣನೆ ಪೆಟ್ಟಿಗೆಯ ಬಾಗಿಲು ತೆಗೆದು ತಲೆ ಒಳಗೆ ಹಾಕಿ ಬೆಣ್ಣೆ ಮುಟ್ಟಿದೆ. ಹಾಯ್ ಅನ್ನಿಸಿತು! ಹನ್ನೊಂದು ವರ್ಷ ಕೈ ಹಾಕಿದ್ದೇನೆ ಈ ಊರಲ್ಲಿ, ಇಷ್ಟು ಖುಷಿಯಿಂದ ಎಂದೂ ಹಾಕಿರಲಿಲ್ಲ.

ಟೈ ಅತ್ತೆಯ ಹಿಂದೆ ಓಡಿದ. ಹಿಡಿಯಬೇಕೆಂದರೆ ಮುಟ್ಟಬೇಕು. ಮುಟ್ಟಲು ಅವನಿಗೆ ಆಗದು. ಕೈ ಚಾಚುತ್ತಾನೆ, ಎಳೆದುಕೊಳ್ಳುತ್ತಾನೆ. ಅತ್ತೆಗೆ ಅದು ಗೊತ್ತಾಗಿಹೋಯಿತು. ನಿಂತು ತಿರುಗಿ ಅವನ ಕಡೆಗೇ ಬೆರಳು ಚಾಚಿದರು. "ಬಾರಪ್ಪಾ, ಬಾ!" ಅವನು ಹಿಮ್ಮೆಟ್ಟಿ ಹೋಗಿ ಡಬ್ಬಗಳ ಗೋಪುರಕ್ಕೆ ಬೆನ್ನು ಕೊಟ್ಟ. ಡಬ್ಬಗಳು ಢಣಢಣ ಉರುಳಿದವು. ಅತ್ತೆ ಉರುಳುವ ಡಬ್ಬಗಳನ್ನೂ ಬಿಡದೆ ಬಗ್ಗಿ ಬಗ್ಗಿ ಮುಟ್ಟಿದರು.

ಕಾವಲುಗಾರ ಒಳಗೆ ಬಂದ. ಟೈ ಅವನಿಗೆ "ಹೊರಗೆ ಹಾಕು ಇವರನ್ನ!" ಎಂದು ಅರಚಿದ. ಕಾವಲುಗಾರ ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ. ಬಗ್ಗಿ ಡಬ್ಬಗಳನ್ನು ಎತ್ತಿಡಲು ಶುರುಮಾಡಿದ. "ಮೊದ್ಲು ಇದನ್ನ ತೆಗೀತೀನಿ ಸಾರ್, ಯಾರಾದ್ರೂ ಎಡವಿ ಬಿದ್ದಾರು" ಎಂದ. ಅಷ್ಟು ನಿಧಾನವಾಗಿ ಡಬ್ಬ ಎತ್ತಿಡುವವರನ್ನು ನಾನು ಬೇರೆ ಕಂಡಿಲ್ಲ.

ಮಹಡಿ ಮನೆಯಮ್ಮ ತಮ್ಮ ಬುಟ್ಟಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಅತ್ತೆ ಹತ್ತಿರ ಹೋಗಿ ಮೆತ್ತಗೆ ಬಗ್ಗಿ ತಲೆಬಣ್ಣದ ಡಬ್ಬಿಯ ಮೇಲೆ ಒಂದು ಬೆರಳು ಇಟ್ಟರು. "ಇದನ್ನ ಮುಂಚೇನೂ ಮುಟ್ಟಿದ್ದೆ ತಾಯಿ, ತಿಂಗಳಿಗೆರಡು ಸಲ." ಆಯಮ್ಮ ಬುಟ್ಟಿ ಬಿಸಾಕಿ ಹೊರಟುಹೋದರು. ಅವರ ಹಿಂದೆ ಇನ್ನೂ ನಾಲ್ಕು ಜನ ಹೋದರು. ಹೋಗಲಿ. ಉಳಿದವರೂ ಇದ್ದರು. ಕೆಮ್ಮು ಮೇಷ್ಟ್ರು ಒಂದು ಮೂಲೆಯಲ್ಲಿ ಬಿಸ್ಕತ್ತು ಹಿಡಿದು ನಿಂತಿದ್ದರು.

"ನಂದೊಂದು ಯಾಕಮ್ಮಾ ಬಿಟ್ಟೆ? ಇದನ್ನೂ ಮುಟ್ಟಿಬಿಡು" ಎಂದರು. "ಹೆಂಡ್ತಿಗೆ ಮಾತ್ರ ಹೇಳಬೇಡ."

ಬಿಲ್ ಹಾಕುವಾಕೆ ಕಸದ ಚೀಲ ಹಿಡಿದುಕೊಂಡೇ ನಗತೊಡಗಿದಳು. ನಕ್ಕು ನಕ್ಕು ನೆಲಕ್ಕೆ ಕೂತಳು. ಚೀಲ ಮಗುಚಿ ಸೋಪು ಬಿಸ್ಕತ್ತು ಎಲ್ಲ ಹೊರಗೆ ಬಂದವು.

ಟೈ ಫೋನು ತೆಗೆದು ಮಾಲೀಕನಿಗೆ ಮಾಡಿದ. ಎಲ್ಲರೂ ಕಿವಿಗೊಟ್ಟರು.

"ಸಾರ್, ಚರಂಡಿಯವರು ಸಾರ್... ಮುಟ್ಟಿಬಿಟ್ಟಿದಾರೆ... ಎಲ್ಲಾ ಸಾರ್... ಎಲ್ಲಾ ಅಂದ್ರೆ ಎಲ್ಲಾ, ಬೆಣ್ಣೆನೂ... ಎಸೆಯೋಣ ಅಂತ... ಇಲ್ಲ ಸಾರ್... ಅಂಗಡಿ ಪೂರ್ತಿ ಎಸೆಯೋಕಾಗಲ್ಲ ಸಾರ್... ಹೌದು ಸಾರ್, ನನ್ನ ತಲೆಯಲ್ಲಿ ಏನೂ ಇಲ್ಲ ಸಾರ್... ಆಯ್ತು ಸಾರ್."

ಫೋನು ಜೇಬಿಗೆ ಹಾಕಿದ. ಗಂಟಲು ಸರಿಮಾಡಿಕೊಂಡ. "ಮುಟ್ಟಿದ್ದನ್ನ ಮಾರಬಹುದಂತೆ" ಎಂದ, ನೆಲ ನೋಡುತ್ತಾ.

"ಅಲ್ಲಿ ಹಿಂದೆ ನಿಂತಿರೋರಿಗೆ ಕೇಳಿಸ್ಲಿಲ್ಲ" ಎಂದರು ಅತ್ತೆ.

"ಮುಟ್ಟಿದ್ದನ್ನ ಮಾರಬಹುದು!"

ಕೆಮ್ಮು ಮೇಷ್ಟ್ರು ಚಪ್ಪಾಳೆ ತಟ್ಟಿದರು, ಅದಕ್ಕೇ ಕೆಮ್ಮು ಬಂತು. ನಾನು ಅತ್ತೆಯನ್ನು ತಬ್ಬಿಕೊಂಡೆ. ಅವರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. "ಉಸಿರು ಹೋಯ್ತು ಕಣೇ" ಎಂದು ನಕ್ಕರು. ಕಣ್ಣಲ್ಲಿ ನೀರು. ಅದು ಓಡಿದ್ದಕ್ಕೆ ಬಂದದ್ದಲ್ಲ, ನನಗೆ ಗೊತ್ತು.

"ಆಯ್ತಲ್ಲ? ಇನ್ನು ಏನು ಬೇಕೋ ತಗೊಂಡು ಬಿಲ್ ಮಾಡಿಸಿ, ಹೊರಡಿ" ಎಂದ ಟೈ.

"ತಗೊಳ್ಳೋದಾ?" ಎಂದರು ಅತ್ತೆ. "ನಾನಿನ್ನೂ ಆರಿಸೇ ಇಲ್ವಲ್ಲ."

ಟೊಮೆಟೊ ರಾಶಿಯ ಮುಂದೆ ಹೋಗಿ ನಿಂತರು. ಒಂದನ್ನು ಎತ್ತಿದರು. ಬೆಳಕಿಗೆ ಹಿಡಿದರು. ತೊಟ್ಟಿನ ಹತ್ತಿರ ಒತ್ತಿದರು. ಮೂಸಿದರು. ನನಗೆ ತೋರಿಸಿದರು. "ಹೇಗಿದೆ?" "ಚೆನ್ನಾಗಿದೆ ಅತ್ತೆ." "ಚೆನ್ನಾಗೇನೋ ಇದೆ. ಸ್ವಲ್ಪ ಹುಳಿ ಅನ್ಸುತ್ತೆ." ಇಟ್ಟರು. ಎರಡನೆಯದು ಎತ್ತಿದರು. ಅದೂ ಸರಿಬರಲಿಲ್ಲ. ಮೂರನೆಯದು ಗಟ್ಟಿಯಾಯಿತು. ನಾಲ್ಕನೆಯದು ಬಣ್ಣ ಸಾಲದು. ಅವರ ಹಿಂದೆ ಜನ ಸೇರಿದರು. ಯಾರೂ ಆತುರ ಪಡಿಸಲಿಲ್ಲ, ಟೈ ಒಬ್ಬನನ್ನು ಬಿಟ್ಟು.

ಅವನಿಗೆ ಸಹನೆ ಮೀರಿತು. ತಾನೇ ಒಂದು ಚೀಲ ತೆಗೆದುಕೊಂಡ. ರಾಶಿಯೊಳಗೆ ಕೈ ಹಾಕಿ ಪಟಪಟ ಎಂಟು ಟೊಮೆಟೊ ಹೆಕ್ಕಿದ. ಸುಳ್ಳು ಹೇಳಬಾರದು, ಎಂಟೂ ಒಳ್ಳೆಯವೇ. ರಾಶಿಯಲ್ಲೇ ಒಳ್ಳೆಯವು. ಚೀಲವನ್ನು ಅತ್ತೆಯ ಕೈಗೇ ಕೊಟ್ಟ. ಮೂಲೆ ಅಂಗಡಿಯವನ ಹಾಗೆ ಮೇಲಿಂದ ಹಾಕಲಿಲ್ಲ, ಕೆಳಗೂ ಇಡಲಿಲ್ಲ, ಕೈಗೇ ಕೊಟ್ಟ.

"ತಗೊಳ್ಳಿ. ಇವು ಚೆನ್ನಾಗಿವೆ. ದುಡ್ಡೂ ಬೇಡ. ದಯವಿಟ್ಟು ಹೊರಡಿ."

ಅತ್ತೆ ಚೀಲದೊಳಗೆ ನೋಡಿದರು. ಒಂದೊಂದನ್ನೇ ನೋಡಿದರು. ನಲವತ್ತು ವರ್ಷ ಕೊಳೆತದ್ದು ತಿಂದವರು. ಪುಕ್ಕಟೆಯಾಗಿ ಬಂದ ಇಷ್ಟು ಒಳ್ಳೆಯದನ್ನು ಬಿಡುವರೇ?

"ಚೆನ್ನಾಗೇ ಇವೆ" ಎಂದರು ಅತ್ತೆ.

ಚೀಲವನ್ನು ತಲೆಕೆಳಗು ಮಾಡಿದರು. ಎಂಟೂ ರಾಶಿಗೆ ಉರುಳಿದವು, ಯಾವುದು ಯಾವುದೆಂದು ಗುರುತು ಸಿಗದ ಹಾಗೆ ಬೆರೆತುಹೋದವು.

"ನೀನು ಆರಿಸಿದ್ದು ನನಗೆ ಬೇಡ" ಎಂದರು. ಖಾಲಿ ಚೀಲವನ್ನು ಅವನ ಕೈಗೆ ಕೊಟ್ಟರು. "ಹಿಡ್ಕೊಂಡಿರು. ಬಾಯಿ ಅಗಲಿಸಿ ಹಿಡ್ಕೋ. ನಾನು ಹಾಕ್ತೀನಿ."

ಅವನು ಹಿಡಿದುಕೊಂಡ. ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.